ಆರೋಗ್ಯ ಸಹಕಾರ ಸಂಘಗಳಲ್ಲಿ ಪೂರೈಕೆದಾರರ ಆಯ್ಕೆ

ಆಸ್ಪತ್ರೆ, ಔಷಧದಂಗಡಿ, ಪ್ರಯೋಗಾಲಯ ಅಥವಾ ಆರೋಗ್ಯ ರಕ್ಷಣಾ ಯೋಜನೆಯನ್ನು ಸದಸ್ಯರೇ ಒಡೆಯರಾಗಿ ನಡೆಸುವ ಸಂಘಗಳಿಗೆ ಆರೋಗ್ಯ ಸಹಕಾರ ಸಂಘಗಳೆಂದು ಹೆಸರು. ತಮಗೆ ಬೇಕಾದ ಔಷಧ, ಉಪಕರಣ, ಬಟ್ಟೆ, ಆಹಾರ, ಸೇವೆಗಳನ್ನು ಯಾರಿಂದ, ಯಾವ ಷರತ್ತಿನ ಮೇಲೆ ಕೊಳ್ಳಬೇಕೆಂದು ಇವು ತೀರ್ಮಾನಿಸುವ ಕ್ರಮವೇ ಪೂರೈಕೆದಾರರ ಆಯ್ಕೆ. ಬೆಲೆ ಮತ್ತು ಗುಣಮಟ್ಟದ ಜೊತೆಗೆ ಸರಕು ತಯಾರಿಸಿದವರ ದುಡಿಮೆಯ ಸ್ಥಿತಿ, ತಯಾರಿಕೆಯಿಂದ ನೆಲ ನೀರಿಗೆ ಆಗುವ ಹಾನಿ, ವ್ಯವಹಾರದ ಪ್ರಾಮಾಣಿಕತೆ ಇವನ್ನೂ ತೂಗಿ ನೋಡಿ ಕೊಂಡರೆ ಅದು ನೈತಿಕ ಮತ್ತು ಸುಸ್ಥಿರ ಖರೀದಿ ಎನಿಸಿಕೊಳ್ಳುತ್ತದೆ.

ಖಾಸಗಿ ಆಸ್ಪತ್ರೆಯಲ್ಲಿ ಕೊಳ್ಳುವವನು ಒಬ್ಬ, ಆ ಸರಕು ಮೈಗೆ ಸೇರುವುದು ಇನ್ನೊಬ್ಬನಿಗೆ. ಸಹಕಾರಿ ಆಸ್ಪತ್ರೆಯಲ್ಲಿ ಷೇರು ಹಣ ಕಟ್ಟಿದವರೇ ಹಾಸಿಗೆಯ ಮೇಲೆ ಮಲಗುತ್ತಾರೆ. ಕಡಿಮೆ ದರಕ್ಕೆ ಬಂದ ಕಳಪೆ ಸಲೈನ್ ಏರುವುದು ಅವರ ನರಕ್ಕೇ. ಆದ್ದರಿಂದ ಪೂರೈಕೆದಾರರ ಆಯ್ಕೆಯನ್ನು ಉಗ್ರಾಣದ ಗುಮಾಸ್ತರಿಗೆ ಬಿಟ್ಟುಕೊಡದೆ ಆಡಳಿತ ಮಂಡಳಿ ಮತ್ತು ಮಹಾಸಭೆಯ ಮೊದಲ ಹೊಣೆಗಳಲ್ಲಿ ಒಂದೆಂದು ಎಣಿಸಬೇಕು.

ಹಿನ್ನೆಲೆ

ಭಾರತದಲ್ಲಿ 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆಯಡಿ ಮೊದಲ ಕೃಷಿ ಪತ್ತಿನ ಸಂಘ 1905ರಲ್ಲಿ ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಹುಟ್ಟಿತು. ಸಹಕಾರ ತತ್ವ ಆರೋಗ್ಯ ಕ್ಷೇತ್ರಕ್ಕೆ ಬಂದದ್ದು ಬಹಳ ತಡವಾಗಿ. ಮುಂಬೈನ ದಾದರ್‌ನಲ್ಲಿ 1960ರ ದಶಕದಲ್ಲಿ ಕಟ್ಟಿದ ಶುಶ್ರೂಷಾ ನಾಗರಿಕರ ಸಹಕಾರಿ ಆಸ್ಪತ್ರೆ ಮೊದಲಿಗರ ಸಾಲಿನದು. ಕೇರಳದಲ್ಲಿ ಈ ಪದ್ಧತಿ ಬಲವಾಗಿ ಬೇರೂರಿತು. ಕೊಚ್ಚಿಯ ಇಂದಿರಾ ಗಾಂಧಿ ಸಹಕಾರಿ ಆಸ್ಪತ್ರೆ, ಪೆರಿಂತಲ್ಮಣ್ಣದ ಇಎಂಎಸ್ ಸ್ಮಾರಕ ಸಹಕಾರಿ ಆಸ್ಪತ್ರೆ ಅಲ್ಲಿನ ಹೆಸರಾಂತ ಸಂಸ್ಥೆಗಳು. ಅಹಮದಾಬಾದಿನಲ್ಲಿ ಇಳಾ ಭಟ್ ಅವರ ಸೇವಾ ಸಂಘಟನೆಯ ಮಹಿಳೆಯರು 1990ರಲ್ಲಿ ಲೋಕ ಸ್ವಾಸ್ಥ್ಯ ಸಹಕಾರ ಸಂಘವನ್ನು ನೋಂದಾಯಿಸಿ ಅಗ್ಗದ ದರದ ಔಷಧದಂಗಡಿಗಳನ್ನು ನಡೆಸಿದರು.

ಹೊರದೇಶಗಳಲ್ಲಿ ಜಪಾನಿನ ಚರಿತ್ರೆ ದೀರ್ಘವಾದದ್ದು. ಅಲ್ಲಿ 1919ರಲ್ಲಿ ಶಿಮಾನೆ ಪ್ರಾಂತದ ಆಓಹಾರಾ ಎಂಬ ಹಳ್ಳಿಯ ಸಹಕಾರ ಸಂಘ ವೈದ್ಯಸೇವೆ ಆರಂಭಿಸಿತು. ಮುಂದೆ ರೈತರ ಸಹಕಾರಿ ಆಸ್ಪತ್ರೆಯಾದ ನಾಗಾನೊ ಪ್ರಾಂತದ ಸಾಕು ಕೇಂದ್ರ ಆಸ್ಪತ್ರೆಯಲ್ಲಿ ದುಡಿದ ಡಾ. ತೊಶಿಕಾಜು ವಕಾತ್ಸುಕಿ 1976ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಬ್ರೆಜಿಲ್‌ನ ಸಾಂತೋಸ್ ನಗರದಲ್ಲಿ 1967ರಲ್ಲಿ ವೈದ್ಯರು ಸೇರಿ ಕಟ್ಟಿದ ಯುನಿಮೆಡ್ ಇಂದು ಲಕ್ಷಕ್ಕೂ ಮಿಕ್ಕಿ ವೈದ್ಯರಿರುವ ಜಾಲ. ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ 1995ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅಂಗೀಕರಿಸಿದ ಏಳು ತತ್ವಗಳಲ್ಲಿ ಆರನೆಯದು ಸಹಕಾರ ಸಂಘಗಳ ನಡುವಣ ಸಹಕಾರ, ಏಳನೆಯದು ಸಮುದಾಯದ ಬಗೆಗಿನ ಕಾಳಜಿ. ನೈತಿಕ ಖರೀದಿಯ ಬೇರು ಈ ಎರಡು ತತ್ವಗಳಲ್ಲಿದೆ.

ಔಷಧದ ಗುಣಮಟ್ಟ

ಪೂರೈಕೆದಾರನನ್ನು ಸರಿಯಾಗಿ ವಿಚಾರಿಸದೆ ಕೊಂಡರೆ ಏನಾಗುತ್ತದೆ ಎಂಬುದಕ್ಕೆ ಭಾರತದಲ್ಲಿ ಹಳೆಯ, ಕಹಿಯಾದ ಸಾಕ್ಷಿಯಿದೆ. 1986ರಲ್ಲಿ ಮುಂಬೈನ ಜೆಜೆ ಆಸ್ಪತ್ರೆಯಲ್ಲಿ ಗ್ಲಿಸರಾಲ್ ಕುಡಿಸಿದ 14 ರೋಗಿಗಳು ಸತ್ತರು. ಔಷಧ ದರ್ಜೆಯದೆಂದು ಬಂದ ಆ ಗ್ಲಿಸರಾಲ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ವಿಷ ಬೆರೆತಿತ್ತು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಲೆಂಟಿನ್ ಆಯೋಗ ಕೈಯಿಂದ ಕೈಗೆ ದಾಟಿ ಬಂದ ಸರಕನ್ನು ಯಾರೂ ಪರೀಕ್ಷಿಸದೆ ಒಪ್ಪಿಕೊಂಡ ಬಗೆಯನ್ನು ಬಿಡಿಸಿಟ್ಟಿತು. ಅದೇ ವಿಷ 2022ರಲ್ಲಿ ಭಾರತದಿಂದ ಗ್ಯಾಂಬಿಯಾಕ್ಕೆ ಹೋದ ಕೆಮ್ಮಿನ ಸಿರಪ್‌ಗಳಲ್ಲಿ ಪತ್ತೆಯಾಗಿ ಹತ್ತಾರು ಮಕ್ಕಳ ಸಾವಿನೊಂದಿಗೆ ಅವುಗಳ ಹೆಸರು ತಳುಕು ಹಾಕಿಕೊಂಡಿತು.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯ ಬಳಿಕ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಸಂಶಯದ ಬೆರಳು ಹೋದದ್ದು ಅವರಿಗೆ ಕೊಟ್ಟ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದತ್ತ. ಅದೇ ಪೂರೈಕೆದಾರನ ಕೆಲವು ಬ್ಯಾಚ್‌ಗಳನ್ನು ರಾಜ್ಯದ ಪ್ರಯೋಗಾಲಯ ಮೊದಲೇ ತಿರಸ್ಕರಿಸಿತ್ತು, ಕೇಂದ್ರದ ಪ್ರಯೋಗಾಲಯ ಅವುಗಳಲ್ಲಿ ಕೆಲವನ್ನು ಒಪ್ಪಿತ್ತು. ಎರಡು ವರದಿ ಪರಸ್ಪರ ಎದುರಾದಾಗ ಕೊಳ್ಳುವವರು ಯಾವುದನ್ನು ನಂಬಬೇಕು? ಸಂಶಯ ಪೂರ್ತಿ ತೀರುವವರೆಗೆ ಆ ಬ್ಯಾಚನ್ನು ರೋಗಿಯ ಹತ್ತಿರ ಸುಳಿಯಗೊಡಬಾರದು. ಇದರಿಂದ ಖರ್ಚು ಹೆಚ್ಚುತ್ತದೆ, ಕೊರತೆಯೂ ಆಗಬಹುದು. ಹಾಗೆಂದು ಈ ನಿಯಮವನ್ನು ಸಡಿಲಿಸಲಾಗದು.

ಈ ವಿಷಯದಲ್ಲಿ ದೇಶಕ್ಕೆ ಮಾದರಿ ಹಾಕಿಕೊಟ್ಟದ್ದು 1994ರಲ್ಲಿ ಸ್ಥಾಪನೆಯಾದ ತಮಿಳುನಾಡು ವೈದ್ಯಕೀಯ ಸೇವಾ ನಿಗಮ. ಅದು ಸಹಕಾರ ಸಂಘವಲ್ಲ, ಸರ್ಕಾರಿ ಕಂಪನಿ. ಆದರೂ ಅದರ ಕ್ರಮವನ್ನು ಯಾವ ಸಹಕಾರಿ ಆಸ್ಪತ್ರೆಯೂ ತನ್ನ ಅಳತೆಗೆ ಹೊಂದಿಸಿಕೊಳ್ಳಬಹುದು. ಎರಡು ಲಕೋಟೆಗಳ ಟೆಂಡರಿನಲ್ಲಿ ಮೊದಲು ತಾಂತ್ರಿಕ ಲಕೋಟೆಯನ್ನು ಒಡೆಯುತ್ತಾರೆ. ತಯಾರಕನಿಗೆ ಉತ್ತಮ ತಯಾರಿಕಾ ಪದ್ಧತಿಯ ಪ್ರಮಾಣಪತ್ರ ಇದೆಯೇ, ಆ ಔಷಧವನ್ನು ಮಾರುಕಟ್ಟೆಗೆ ಬಿಟ್ಟು ಎಷ್ಟು ವರ್ಷವಾಯಿತು, ಕಾರ್ಖಾನೆ ನಿಜಕ್ಕೂ ಇದೆಯೇ ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತದೆ. ಅದನ್ನು ದಾಟಿದವರ ದರದ ಲಕೋಟೆಯನ್ನು ಮಾತ್ರ ತೆರೆಯುತ್ತಾರೆ. ಸರಕು ಬಂದ ಮೇಲೆ ಪ್ರತಿ ಬ್ಯಾಚಿನ ಮಾದರಿ ತೆಗೆದು, ಕಂಪನಿಯ ಹೆಸರು ಮರೆಮಾಡಿ, ಗುಪ್ತ ಸಂಖ್ಯೆ ಕೊಟ್ಟು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಪರೀಕ್ಷಿಸುವವನಿಗೆ ಅದು ಯಾರ ಮಾಲೆಂದು ಗೊತ್ತಿರುವುದಿಲ್ಲ. ಫಲಿತಾಂಶ ಸರಿಯಾಗಿದ್ದರೆ ಔಷಧ ವಾರ್ಡಿಗೆ ಹೋಗುತ್ತದೆ, ಮತ್ತೆ ಮತ್ತೆ ಸೋತವರ ಹೆಸರು ಕಪ್ಪುಪಟ್ಟಿಗೆ ಸೇರುತ್ತದೆ. ಈ ಕ್ರಮದ ಬಲವಿರುವುದು ಮಾದರಿಯ ಮೇಲಿನ ಹೆಸರನ್ನು ಮರೆಮಾಡುವುದರಲ್ಲಿ.

ಕೇಂದ್ರ ಸರ್ಕಾರ ಔಷಧ ತಯಾರಿಕೆಯ ನಿಯಮಗಳಾದ ಷೆಡ್ಯೂಲ್ ಎಂ ಅನ್ನು ತಿದ್ದಿ 2024ರ ಜನವರಿಯಲ್ಲಿ ಪ್ರಕಟಿಸಿತು. ಪ್ರಮಾಣಪತ್ರದ ನೆರಳಚ್ಚು ಪ್ರತಿಯಲ್ಲಿ ತೃಪ್ತಿಪಡದೆ ಅದರ ಅವಧಿ, ಕಾರ್ಖಾನೆಯ ವಿಳಾಸ, ಯಾವ ಔಷಧಕ್ಕೆ ಪರವಾನಗಿ ಎಂಬುದನ್ನು ಸಂಘದ ಔಷಧ ತಜ್ಞರು ಸ್ವತಃ ಓದಬೇಕು. ಎಷ್ಟೋ ಮಾತ್ರೆಗಳನ್ನು ತಯಾರಿಸುವವರು ಒಬ್ಬರು, ಹೆಸರು ಹಚ್ಚಿ ಮಾರುವವರು ಇನ್ನೊಬ್ಬರು. ಪರಿಶೀಲನೆ ಆಗಬೇಕಾದದ್ದು ತಯಾರಿಸಿದವರದು.

ಎಂಆರ್‌ಪಿ ಮತ್ತು ಲಾಭದ ಅಂತರ

ಔಷಧ ವ್ಯಾಪಾರದ ಒಂದು ಗುಟ್ಟು ಸಹಕಾರಿ ಆಸ್ಪತ್ರೆಗೆ ನೇರವಾದ ಸವಾಲು. 2013ರ ಔಷಧ ಬೆಲೆ ನಿಯಂತ್ರಣ ಆದೇಶದಡಿ ಬೆಲೆ ನಿಗದಿಯಾದ ಔಷಧಗಳಿಗೆ ಸಗಟು ವ್ಯಾಪಾರಿಗೆ ಶೇ. 8, ಚಿಲ್ಲರೆ ವ್ಯಾಪಾರಿಗೆ ಶೇ. 16 ಎಂದು ಲಾಭವನ್ನು ಲೆಕ್ಕ ಹಾಕಲಾಗಿದೆ. ಬೆಲೆ ನಿಗದಿಯ ಪಟ್ಟಿಯ ಹೊರಗಿರುವ ಔಷಧಗಳಲ್ಲಿ ಅಂಥ ಕಟ್ಟುಪಾಡಿಲ್ಲ. ಹೀಗಾಗಿ ಪೊಟ್ಟಣದ ಮೇಲೆ ದೊಡ್ಡ ಎಂಆರ್‌ಪಿ ಅಚ್ಚು ಹಾಕಿ ಆಸ್ಪತ್ರೆಗೆ ಅದರ ಸಣ್ಣ ಪಾಲಿಗೇ ಮಾರುವ ಕಂಪನಿಗಳಿವೆ. ನಡುವಣ ಹಣ ಆಸ್ಪತ್ರೆಯ ಔಷಧದಂಗಡಿಯ ಲಾಭ. ಒಳರೋಗಿಗೆ ಹೊರಗಿನ ಅಂಗಡಿಗೆ ಹೋಗಿ ಬೇರೆ ಬ್ರ್ಯಾಂಡ್ ಕೇಳುವ ತ್ರಾಣ ಎಲ್ಲಿರುತ್ತದೆ?

ಸಹಕಾರಿ ಆಸ್ಪತ್ರೆ ಇದೇ ದಾರಿ ಹಿಡಿದರೆ ವರ್ಷಾಂತ್ಯದಲ್ಲಿ ಸದಸ್ಯರಿಗೆ ಡಿವಿಡೆಂಡ್ ಹಂಚಬಹುದು. ಆ ಹಣ ಬಂದದ್ದು ಅದೇ ವರ್ಷ ಕಾಯಿಲೆ ಬಿದ್ದ ಸದಸ್ಯರ ಜೇಬಿನಿಂದ. ಆರೋಗ್ಯವಂತರಿಗೆ ಹಂಚಲು ರೋಗಿಗಳಿಂದ ಕೀಳುವ ಈ ಲೆಕ್ಕ ಸಹಕಾರಕ್ಕೆ ತಕ್ಕುದಲ್ಲ. ಆದುದರಿಂದ ದರಪಟ್ಟಿಗಳನ್ನು ಹೋಲಿಸುವಾಗ ಸಂಘಕ್ಕೆ ಬೀಳುವ ದರದ ಪಕ್ಕದಲ್ಲಿ ಸದಸ್ಯ ತೆರಬೇಕಾದ ದರವನ್ನೂ ಬರೆದು ನೋಡಬೇಕು. ಎರಡರ ನಡುವೆ ವಿಪರೀತ ಅಂತರವಿದ್ದರೆ ಆ ಪೂರೈಕೆದಾರನನ್ನು ದೂರವಿಡುವುದು ಒಳಿತು. ಇಲ್ಲವೇ ಎಂಆರ್‌ಪಿಗಿಂತ ಕಡಿಮೆ ದರಕ್ಕೆ ಮಾರಿ ಉಳಿತಾಯವನ್ನು ರೋಗಿಗೇ ದಾಟಿಸಬೇಕು. ಹತ್ತು ಕೊಂಡರೆ ಒಂದು ಉಚಿತ ಎಂಬ ಸ್ಕೀಮುಗಳು, ವೈದ್ಯರಿಗೆ ಬರುವ ಉಡುಗೊರೆ, ಪ್ರವಾಸಗಳ ಆಮಿಷ ಇವೂ ಇಲ್ಲಿಯ ಮಾತೇ. ಇಂಥ ಉಡುಗೊರೆಗಳನ್ನು ಕೇಂದ್ರದ 2024ರ ಔಷಧ ಮಾರಾಟ ಸಂಹಿತೆ ನಿಷೇಧಿಸಿದೆ. ಅದನ್ನು ಪಾಲಿಸುವ ಮಾತನ್ನು ಸಂಘ ತನ್ನ ಖರೀದಿ ಒಪ್ಪಂದದಲ್ಲೂ ಬರೆಸಿಕೊಳ್ಳಬೇಕು.

ಸರಕಿನ ಹಿಂದಿನ ದುಡಿಮೆ

ಶಸ್ತ್ರಚಿಕಿತ್ಸೆಯ ಕತ್ತರಿ, ಚಿಮುಟಗಳು ಜಗತ್ತಿನ ಆಸ್ಪತ್ರೆಗಳಿಗೆ ದೊಡ್ಡ ಪ್ರಮಾಣದಲ್ಲಿ ಹೋಗುವುದು ಪಾಕಿಸ್ತಾನದ ಸಿಯಾಲ್‌ಕೋಟ್‌ನಿಂದ. ಅರ ಹಾಕಿ ಉಜ್ಜುವ, ಹೊಳಪು ಕೊಡುವ ಕೆಲಸ ಅಲ್ಲಿ ಮನೆಗೆ ಹೊಂದಿಕೊಂಡ ಸಣ್ಣ ಸಣ್ಣ ಶೆಡ್ಡುಗಳಿಗೆ ಹಂಚಿಹೋಗುತ್ತದೆ. ಲೋಹದ ಧೂಳಿನ ನಡುವೆ ಮಕ್ಕಳೂ ದುಡಿದದ್ದು ದಾಖಲಾಗಿದೆ. ಅಲ್ಲಿನ ಸರಕು ಎಷ್ಟೋ ಸಲ ಜರ್ಮನಿಯ ಟುಟ್ಲಿಂಗೆನ್ ಪಟ್ಟಣದ ಮೂಲಕ ಹಾದು ಯುರೋಪಿನ ಮುದ್ರೆ ಹೊತ್ತು ಹೊರಬೀಳುತ್ತದೆ. ಬ್ರಿಟನ್ನಿನ ಶಸ್ತ್ರವೈದ್ಯ ಮಹಮೂದ್ ಭುಟ್ಟಾ 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ಸಂಗತಿಯನ್ನು ಬರೆದ ಬಳಿಕ ಬ್ರಿಟನ್ನಿನ ವೈದ್ಯರ ಸಂಘ ನೈತಿಕ ಖರೀದಿಯ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಸ್ವೀಡನ್ನಿನ ಪ್ರಾಂತೀಯ ಆಡಳಿತಗಳು ಪೂರೈಕೆದಾರರಿಗೆಲ್ಲ ಒಂದೇ ನೀತಿಸಂಹಿತೆ ರೂಪಿಸಿ, ತಪ್ಪಿದರೆ ತಿದ್ದಿಕೊಳ್ಳುವ ಷರತ್ತನ್ನು ಒಪ್ಪಂದದೊಳಕ್ಕೆ ತಂದವು.

ರಬ್ಬರ್ ಗ್ಲೌಸಿನ ಕಥೆ ಇನ್ನೂ ಹತ್ತಿರದ್ದು. ಜಗತ್ತಿನ ವೈದ್ಯಕೀಯ ಗ್ಲೌಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಲೇಷ್ಯಾದಿಂದ ಬರುತ್ತಿದ್ದವು. ಅಲ್ಲಿನ ಕಾರ್ಖಾನೆಗಳಲ್ಲಿ ನೇಪಾಳ, ಬಾಂಗ್ಲಾದೇಶದ ಕಾರ್ಮಿಕರು ಕೆಲಸ ಸಿಗಲು ದಲ್ಲಾಳಿಗಳಿಗೆ ಸಾಲ ಮಾಡಿ ಹಣ ಕಟ್ಟಿ, ಆ ಸಾಲ ತೀರಿಸಲು ಸಿಕ್ಕಿಬಿದ್ದು ದುಡಿಯುತ್ತಿದ್ದರು. ಕೊರೊನಾ ಕಾಲದ 2020ರ ಜುಲೈನಲ್ಲಿ, ಗ್ಲೌಸಿಗೆ ಹಾಹಾಕಾರ ಇದ್ದಾಗಲೇ, ಅತಿ ದೊಡ್ಡ ತಯಾರಕ ಸಂಸ್ಥೆಯಾದ ಟಾಪ್ ಗ್ಲೋವ್‌ನ ಘಟಕಗಳ ಸರಕನ್ನು ಅಮೆರಿಕದ ಸುಂಕ ಇಲಾಖೆ ಬಲವಂತದ ದುಡಿಮೆಯ ಸಂಶಯದ ಮೇಲೆ ತಡೆಯಿತು. ಕಂಪನಿ ಕಾರ್ಮಿಕರ ನೇಮಕಾತಿ ಶುಲ್ಕವನ್ನು ಹಿಂದಿರುಗಿಸಿ ವಸತಿ ಸುಧಾರಿಸಿದ ಮೇಲೆ, 2021ರ ಸೆಪ್ಟೆಂಬರಿನಲ್ಲಿ ತಡೆ ತೆರವಾಯಿತು. ದೊಡ್ಡ ಗಿರಾಕಿ ಗಟ್ಟಿಯಾಗಿ ನಿಂತದ್ದರಿಂದ ಬಡ ಕಾರ್ಮಿಕರ ಹಣ ಅವರ ಕೈಗೆ ಮರಳಿತು. ನೈತಿಕ ಖರೀದಿ ಬರಿಯ ಆದರ್ಶ ಎನ್ನುವವರು ಈ ಪ್ರಸಂಗವನ್ನು ನೋಡಬೇಕು.

ಸಣ್ಣ ಸಂಘವೊಂದು ಮಲೇಷ್ಯಾಕ್ಕೆ ಹೋಗಿ ಕಾರ್ಖಾನೆ ತಪಾಸಣೆ ಮಾಡಲಾರದು. ಆದರೆ ಏಜೆನ್ಸಿಯವರಿಂದ ಸರಕು ಯಾವ ದೇಶದ ಯಾವ ಘಟಕದ್ದು, ನೇಮಕಾತಿ ಶುಲ್ಕ ಯಾರು ಭರಿಸುತ್ತಾರೆ, ಸ್ವತಂತ್ರ ಪರಿಶೋಧನೆ ಆಗಿದೆಯೇ ಎಂದು ಲಿಖಿತ ಉತ್ತರ ಪಡೆಯಬಹುದು. ಆಸ್ಪತ್ರೆಯೊಳಗಿನ ಗುತ್ತಿಗೆ ಸೇವೆಗಳಿಗೂ ಈ ಮಾತು ಸಲ್ಲುತ್ತದೆ. ಶುಚಿತ್ವ, ಕಾವಲು, ಬಟ್ಟೆ ಒಗೆತದ ಗುತ್ತಿಗೆಯಲ್ಲಿ ಕನಿಷ್ಠ ವೇತನ ಕೊಟ್ಟು ಭವಿಷ್ಯ ನಿಧಿ, ಇಎಸ್‌ಐ ಕಟ್ಟಿದರೆ ಆಗುವ ವೆಚ್ಚಕ್ಕಿಂತ ಕೆಳಗೆ ಯಾರಾದರೂ ದರ ನಮೂದಿಸಿದರೆ ಆ ದರದಲ್ಲೇ ಕಾನೂನಿನ ಉಲ್ಲಂಘನೆ ಅಡಗಿದೆ. ದೂರದ ಸಿಯಾಲ್‌ಕೋಟ್‌ಗಿಂತ ಮೊದಲು ತನ್ನದೇ ಕಾರಿಡಾರ್ ಗುಡಿಸುವವರ ಕೂಲಿಯನ್ನು ಸಂಘ ನೋಡಬೇಕು.

ನೆಲ, ನೀರು, ಗಾಳಿ

ಜಗತ್ತಿನ ಒಟ್ಟು ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇ. 4.4 ಆರೋಗ್ಯ ಕ್ಷೇತ್ರದ್ದು ಎಂದು ಹೆಲ್ತ್ ಕೇರ್ ವಿದೌಟ್ ಹಾರ್ಮ್ ಸಂಸ್ಥೆ 2019ರಲ್ಲಿ ಅಂದಾಜು ಮಾಡಿತು. ಅದರಲ್ಲಿ ಶೇ. 71ರಷ್ಟು ಹುಟ್ಟುವುದು ಕೊಳ್ಳುವ ಸರಕಿನ ತಯಾರಿಕೆ, ಸಾಗಣೆ, ವಿಲೇವಾರಿಯ ಸರಪಳಿಯಲ್ಲಿ. ಛಾವಣಿಯ ಮೇಲಿನ ಸೌರಫಲಕ ಒಳ್ಳೆಯದೇ, ಆದರೆ ಹೆಚ್ಚಿನ ಕೆಲಸ ಇರುವುದು ಖರೀದಿಯ ಕಡತದಲ್ಲಿ.

ಔಷಧ ತಯಾರಿಕೆಯ ತ್ಯಾಜ್ಯದ ವಿಚಾರ ನಮ್ಮ ನೆರೆಯದು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ಕಾರ್ಖಾನೆಗಳ ಕೊಳಚೆಯನ್ನು ಶುದ್ಧೀಕರಿಸುವ ಘಟಕದಿಂದ ಹೊರಬಿದ್ದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಎಂಬ ಪ್ರತಿಜೀವಕ ಇದ್ದದ್ದನ್ನು ಸ್ವೀಡನ್ನಿನ ಯೊಆಕಿಮ್ ಲಾರ್ಸನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದರು. ಔಷಧ ಸೇವಿಸಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಅದು ಹೆಚ್ಚು. ಅಂಥ ನೀರಿನಲ್ಲಿ ಬೆಳೆದ ಬ್ಯಾಕ್ಟೀರಿಯಾಗಳು ಪ್ರತಿಜೀವಕಕ್ಕೆ ಬಗ್ಗದಂತಾಗುತ್ತವೆ. ಕೊನೆಗೆ ಅವು ಬರುವುದು ಅದೇ ಮಾತ್ರೆ ಕೊಂಡ ಆಸ್ಪತ್ರೆಯ ಐಸಿಯುಗೆ. ಪ್ರತಿಜೀವಕ ಕಾರ್ಖಾನೆಗಳ ತ್ಯಾಜ್ಯನೀರಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಪ್ರತಿಜೀವಕಗಳ ಟೆಂಡರಿನಲ್ಲಿ ಅದರ ಪಾಲನೆಯನ್ನು ಕೇಳುವುದು ಇನ್ನು ಹೆಚ್ಚಿನ ಬೇಡಿಕೆಯೇನಲ್ಲ.

ಉಳಿದವುಗಳಲ್ಲಿ ಕೆಲವನ್ನು ಕಾನೂನೇ ಹೇಳಿದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಕ್ಲೋರಿನ್ ಇರುವ ಪ್ಲಾಸ್ಟಿಕ್ ಚೀಲ, ಗ್ಲೌಸುಗಳನ್ನು ಕೈಬಿಡಲು ಹೇಳುತ್ತವೆ, ಏಕೆಂದರೆ ಅವನ್ನು ಸುಟ್ಟಾಗ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತದೆ. ಪಾದರಸದ ಥರ್ಮಾಮೀಟರ್ ಮತ್ತು ರಕ್ತದೊತ್ತಡ ಮಾಪಕಗಳ ಕಾಲ 2013ರ ಮಿನಮಾಟಾ ಒಪ್ಪಂದದೊಂದಿಗೆ ಮುಗಿಯುತ್ತ ಬಂತು. ಭಾರತ ಅದನ್ನು 2018ರಲ್ಲಿ ಅನುಮೋದಿಸಿತು. ಕೊಡೈಕನಾಲ್‌ನ ಥರ್ಮಾಮೀಟರ್ ಕಾರ್ಖಾನೆ ಪಾದರಸ ಮಾಲಿನ್ಯದ ಕಾರಣಕ್ಕೆ 2001ರಲ್ಲಿ ಮುಚ್ಚಿತು. ಅರಿವಳಿಕೆಗೆ ಬಳಸುವ ಡೆಸ್‌ಫ್ಲುರೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 2500 ಪಟ್ಟು ಶಾಖ ಹಿಡಿಯುವ ಅನಿಲ. ಐರೋಪ್ಯ ಒಕ್ಕೂಟ 2026ರ ಜನವರಿಯಿಂದ ಅದರ ಬಳಕೆಯನ್ನು ಅನಿವಾರ್ಯ ಸಂದರ್ಭಗಳಿಗೆ ಸೀಮಿತಗೊಳಿಸಿದೆ. ಸೆವೊಫ್ಲುರೇನ್‌ನ ಹಾನಿ ಅದರ ಹತ್ತನೇ ಒಂದಕ್ಕಿಂತ ಕಡಿಮೆ, ದರವೂ ಕಡಿಮೆ. ಅರಿವಳಿಕೆ ತಜ್ಞರು ಒಪ್ಪಿದರೆ ಈ ಬದಲಾವಣೆಗೆ ಸಂಘದ ಒಂದು ಠರಾವು ಸಾಕು.

ಗಿಡಮೂಲಿಕೆಗಳು

ಚೆನ್ನೈನಲ್ಲಿ 1944ರಲ್ಲಿ ದೇಸೀ ವೈದ್ಯರು ಸೇರಿ ಕಟ್ಟಿದ ಇಂಪ್ಕಾಪ್ಸ್ ಎಂಬ ಸಹಕಾರ ಸಂಘ ಸಿದ್ಧ, ಆಯುರ್ವೇದ, ಯುನಾನಿ ಔಷಧಗಳನ್ನು ತಾನೇ ತಯಾರಿಸುತ್ತದೆ. ಇಂಥ ಕಡೆ ಪೂರೈಕೆದಾರ ಎಂದರೆ ಕಾಡು. ಅಶೋಕಾರಿಷ್ಟಕ್ಕೆ ಬೇಕಾದ ಅಶೋಕ ಮರದ ತೊಗಟೆಗೆ ಬೇಡಿಕೆ ಹೆಚ್ಚಿ, ಪಶ್ಚಿಮ ಘಟ್ಟದಲ್ಲಿ ಆ ಮರ ವಿರಳವಾಗಿ, ಜಾಗತಿಕ ಅಪಾಯದ ಪಟ್ಟಿ ಸೇರಿದೆ. ಕೊರತೆ ತುಂಬಲು ವ್ಯಾಪಾರಿಗಳು ರಸ್ತೆ ಬದಿಯಲ್ಲಿ ನೆಟ್ಟಗೆ ಬೆಳೆಯುವ ಅಲಂಕಾರದ ಮರದ ತೊಗಟೆಯನ್ನು ಅಶೋಕದ ಹೆಸರಿನಲ್ಲಿ ಬೆರೆಸುತ್ತಾರೆ. ಕಾಡಿಗೆ ಆದ ಅನ್ಯಾಯ ಹೀಗೆ ರೋಗಿಗೂ ಆಗುತ್ತದೆ. 1993ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಔಷಧೀಯ ಸಸ್ಯಗಳ ಸಂರಕ್ಷಣೆ ಮತ್ತು ಗುರುತಿಸುವಿಕೆಯಲ್ಲಿ ಮಾಡಿದ ಕೆಲಸ ಈ ಸಮಸ್ಯೆಗೆ ನೇರವಾದ ಉತ್ತರ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನೆಲ್ಲಿಕಾಯಿ, ಜೇನು ಮೊದಲಾದ ಕಿರು ಅರಣ್ಯ ಉತ್ಪನ್ನಗಳನ್ನು ಲ್ಯಾಂಪ್ಸ್ ಎಂಬ ತಮ್ಮ ಸಹಕಾರ ಸಂಘಗಳ ಮೂಲಕ ಮಾರುತ್ತ ಬಂದವರು. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರ ಸಮುದಾಯ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿತು. ಕರ್ನಾಟಕದ ಆಯುರ್ವೇದ ಆಸ್ಪತ್ರೆಯೊಂದು ದಲ್ಲಾಳಿಯನ್ನು ಬಿಟ್ಟು ಇಂಥ ಸಂಘದಿಂದ ನೇರವಾಗಿ ಕೊಂಡರೆ ಕಿತ್ತವರ ಕೈಗೆ ಬೆಲೆ ಸಿಗುತ್ತದೆ, ಸರಕು ಯಾವ ಕಾಡಿನದೆಂದೂ ಗೊತ್ತಿರುತ್ತದೆ.

ಸಂಘಗಳ ನಡುವೆ, ಸಂಘದ ಒಳಗೆ

ಆರನೆಯ ತತ್ವ ಹೇಳುವ ಸಹಕಾರ ಆಸ್ಪತ್ರೆಯ ಅಡುಗೆಮನೆಯಿಂದಲೇ ಸುಲಭವಾಗಿ ಶುರುವಾಗುತ್ತದೆ: ನಂದಿನಿ ಹಾಲು, ಹಾಪ್‌ಕಾಮ್ಸ್ ತರಕಾರಿ, ನೇಕಾರರ ಸಂಘದ ಹೊದಿಕೆ. ತಮಿಳುನಾಡಿನ ರಾಜಪಾಳಯಂ ಬಳಿಯ ಛತ್ರಪಟ್ಟಿಯಂಥ ಊರುಗಳು ಬ್ಯಾಂಡೇಜ್ ಬಟ್ಟೆ ನೇಯ್ದೇ ಬದುಕುತ್ತವೆ. ಆದರೆ ಬಂಧುತ್ವ ಗುಣಮಟ್ಟಕ್ಕೆ ಬದಲಿಯಾಗಬಾರದು. ಸಹಕಾರ ಸಂಘದ ಬ್ಯಾಂಡೇಜೂ ಅದೇ ಪರೀಕ್ಷೆ ಗೆಲ್ಲಬೇಕು.

ಒಳಗಿನ ಅಪಾಯ ಹೆಚ್ಚು ಸೂಕ್ಷ್ಮವಾದದ್ದು. ಊರಿನ ಸಹಕಾರಿ ಆಸ್ಪತ್ರೆಯ ನಿರ್ದೇಶಕರಲ್ಲಿ ಔಷಧ ಏಜೆನ್ಸಿಯವರು, ಕಟ್ಟಡ ಗುತ್ತಿಗೆದಾರರು, ಅವರ ಬಂಧುಗಳು ಇರುವುದು ಅಪರೂಪವಲ್ಲ. ಸಂಘದೊಂದಿಗೆ ಚಾಲ್ತಿಯಲ್ಲಿರುವ ಒಪ್ಪಂದದಲ್ಲಿ ಹಿತಾಸಕ್ತಿ ಉಳ್ಳವರು ಆಡಳಿತ ಮಂಡಳಿಯಲ್ಲಿ ಇರುವುದನ್ನು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ತಡೆಯುತ್ತದೆ. ಅಣ್ಣ ತಮ್ಮಂದಿರ ಹೆಸರಿನ ಸಂಸ್ಥೆಗಳನ್ನೂ ಹಿಡಿಯುವಂತೆ ಸಂಘದ ಬೈಲಾ ಅದಕ್ಕಿಂತ ಬಿಗಿಯಾಗಿರಬೇಕು.

ಕೊಳ್ಳುವವರ ನೈತಿಕತೆಯೂ ಪರೀಕ್ಷೆಗೆ ಒಳಗಾಗುವ ಜಾಗವೊಂದಿದೆ, ಅದು ಬಿಲ್ ಪಾವತಿ. ಸಣ್ಣ ಉದ್ಯಮಗಳಿಗೆ 45 ದಿನಗಳೊಳಗೆ ಹಣ ಕೊಡಬೇಕೆಂದು ಆ ಉದ್ಯಮಗಳಿಗಾಗಿಯೇ ಇರುವ 2006ರ ಕಾಯ್ದೆ ಹೇಳುತ್ತದೆ. ಆರು ತಿಂಗಳು ಬಾಕಿ ಉಳಿಸಿಕೊಳ್ಳುವ ಆಸ್ಪತ್ರೆಗೆ ಪ್ರಾಮಾಣಿಕ ಸಣ್ಣ ತಯಾರಕರು ಸರಕು ಕೊಡಲಾರರು. ಕೊನೆಗೆ ಉಳಿಯುವುದು ಬಡ್ಡಿಯನ್ನು ದರದಲ್ಲೇ ಸೇರಿಸಿಕೊಂಡವರು ಮಾತ್ರ.

ಕರ್ನಾಟಕ

ರಾಜ್ಯದಲ್ಲಿ ಆರೋಗ್ಯ ಸಹಕಾರದ ದೊಡ್ಡ ಪ್ರಯೋಗ ಯಶಸ್ವಿನಿ. ಡಾ. ದೇವಿ ಶೆಟ್ಟಿಯವರ ಕಲ್ಪನೆಯಂತೆ ಸಹಕಾರ ಇಲಾಖೆಯ ಮೂಲಕ 2003ರಲ್ಲಿ ಜಾರಿಗೆ ಬಂದಾಗ ಸದಸ್ಯರು ಕಟ್ಟಬೇಕಾಗಿದ್ದುದು ವರ್ಷಕ್ಕೆ 60 ರೂಪಾಯಿ. ಮೊದಲ ವರ್ಷ ಸೇರಿದವರು ಸುಮಾರು 16 ಲಕ್ಷ. 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ವಿಲೀನವಾಗಿ, 2022ರಲ್ಲಿ ಮತ್ತೆ ಆರಂಭವಾಯಿತು. ಇಲ್ಲಿ ಪೂರೈಕೆದಾರ ಎಂದರೆ ಜಾಲದ ಆಸ್ಪತ್ರೆ. ಒಂದೊಂದು ಶಸ್ತ್ರಚಿಕಿತ್ಸೆಗೆ ಮೊದಲೇ ದರ ಗೊತ್ತುಪಡಿಸಿ ಆಸ್ಪತ್ರೆಗಳನ್ನು ಆರಿಸಿಕೊಂಡದ್ದು, ಲಕ್ಷಾಂತರ ರೈತರು ಒಟ್ಟಾಗಿ ಕೊಂಡರೆ ದರ ಎಷ್ಟು ಇಳಿಯುತ್ತದೆ ಎಂಬುದನ್ನು ತೋರಿಸಿಕೊಟ್ಟಿತು. ಅನಗತ್ಯ ಶಸ್ತ್ರಚಿಕಿತ್ಸೆ, ರೋಗಿಯಿಂದ ಹೆಚ್ಚುವರಿ ವಸೂಲಿಯಂಥ ದೂರುಗಳಿರುವ ಆಸ್ಪತ್ರೆಯನ್ನು ಜಾಲದಿಂದ ಕೈಬಿಡುವ ಗಟ್ಟಿತನ ಇಲ್ಲಿನ ನೈತಿಕ ಆಯ್ಕೆಯ ತಿರುಳು.

2023ರಲ್ಲಿ ದೇಶದ 2000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಜನೌಷಧಿ ಕೇಂದ್ರ ತೆರೆಯಲು ಕೇಂದ್ರ ಸರ್ಕಾರ ಒಪ್ಪಿತು. ಈ ಕೇಂದ್ರಗಳಲ್ಲಿ ತಯಾರಕರ ಆಯ್ಕೆ ದೆಹಲಿಯಲ್ಲೇ ಮುಗಿದಿರುತ್ತದೆ; ಸಂಘದ ಪಾಲಿಗೆ ಉಳಿಯುವುದು ಸರಿಯಾದ ಇಂಡೆಂಟ್, ತಂಪಿನ ದಾಸ್ತಾನು, ಅವಧಿ ಮೀರಿದ್ದನ್ನು ತೆಗೆಯುವ ಶಿಸ್ತು.

ಸ್ವಂತ ಆಸ್ಪತ್ರೆ ಇರುವ ಸಂಘಗಳ ಕಥೆ ಬೇರೆ. 50 ಹಾಸಿಗೆಯ ಆಸ್ಪತ್ರೆಯ ಮಾತಿಗೆ ಯಾವ ಔಷಧ ಕಂಪನಿಯೂ ಕಿವಿಗೊಡದು, ಪ್ರತಿ ಬ್ಯಾಚ್ ಪರೀಕ್ಷಿಸುವ ಖರ್ಚನ್ನು ಅದೊಂದೇ ತಾಳಲಾರದು. ಹತ್ತಾರು ಸಂಘಗಳು ಸೇರಿ ಒಂದೇ ಔಷಧ ಪಟ್ಟಿ, ಒಂದೇ ಟೆಂಡರ್, ಒಂದೇ ಪ್ರಯೋಗಾಲಯ ಒಪ್ಪಂದ ಮಾಡಿಕೊಂಡಾಗ ಮಾತ್ರ ಮೇಲೆ ಹೇಳಿದ ಷರತ್ತುಗಳಿಗೆ ಬಲ ಬರುತ್ತದೆ. ಹಾಲಿಗೆ ಒಕ್ಕೂಟ ಕಟ್ಟಿದ ನಾಡಿಗೆ ಔಷಧಕ್ಕೂ ಒಕ್ಕೂಟ ಕಟ್ಟುವುದು ಅಸಾಧ್ಯವೇನಲ್ಲ. ಅಲ್ಲಿಯವರೆಗೆ, ಸಹಕಾರಿ ಆಸ್ಪತ್ರೆಯ ಷೇರು ಹೊಂದಿರುವವರು ವಾರ್ಷಿಕ ಮಹಾಸಭೆಗೆ ತಪ್ಪದೆ ಹೋಗಿ, ಈ ವರ್ಷ ಔಷಧಗಳನ್ನು ಯಾರಿಂದ ಕೊಂಡಿರಿ, ಎಷ್ಟು ಬ್ಯಾಚ್ ಪರೀಕ್ಷಿಸಿದಿರಿ, ಯಾರನ್ನು ಕೈಬಿಟ್ಟಿರಿ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಬೇಕು.